ಕೊಕ್ಕರೆಗಲ್ಲಿನ ದೀಪ ಹೇಳಿದ ಸುಳ್ಳು

ನಾನು ದೀಪಸ್ತಂಭದ ಕೆಲಸಕ್ಕೆ ಸೇರಿದ್ದು ಹಡಗುಗಳನ್ನು ಕಾಪಾಡುವುದಕ್ಕಲ್ಲ, ಒಂದು ಹಡಗನ್ನು ಒಡೆಯುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಯಾರಿಗಾದರೂ ನನ್ನ ಬಗ್ಗೆ ಅಯ್ಯೋ ಪಾಪ ಅನ್ನಿಸಿದರೆ ಆ ಪಾಪ ನನಗೆ ಬೇಡ. ಗುರುವಾರ ಬೋಟು ಬಂದು ಕೊಕ್ಕರೆಗಲ್ಲಿನ ದಿನಚರಿ ಪುಸ್ತಕವನ್ನು ಇಲಾಖೆಗೆ ಒಯ್ಯುತ್ತದೆ. ಅದರಲ್ಲಿ ನನ್ನ ಹೆಸರಿದೆ: ರತ್ನಾಕ್ಷಿ ಮೊಗವೀರ, ಎರಡನೆಯ ದೀಪಪಾಲಕಿ. ಅವರು ಕೇಳುವ ಮೊದಲೇ ನಾನೇ ಬರೆದಿಡುವುದು ಒಳ್ಳೆಯದು. ಎಡಗೈ ಸುಟ್ಟಿದೆ, ಬರೆಯುವ ಕೈ ಸರಿಯಾಗಿದೆ.

ಮಂಜಕೋಡಿ ಬಂದರಿನಿಂದ ಪಶ್ಚಿಮಕ್ಕೆ ಹದಿನಾಲ್ಕು ಕಿಲೋಮೀಟರು ಹೋದರೆ ಕೊಕ್ಕರೆಗಲ್ಲು ಸಿಗುತ್ತದೆ. ಬರೀ ಕಪ್ಪು ಬಂಡೆ. ಒಂದು ಮರವಿಲ್ಲ, ಬಾವಿಯಿಲ್ಲ, ಮಳೆನೀರಿನ ತೊಟ್ಟಿಯೇ ಗತಿ. ಅದರ ನೆತ್ತಿಯ ಮೇಲೆ ಬ್ರಿಟಿಷರು ಕಟ್ಟಿಸಿದ ಕಲ್ಲಿನ ಗೋಪುರ, ನೂರ ಮೂವತ್ತೆರಡು ಮೆಟ್ಟಿಲು. ತುದಿಯಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ತಂದ ಗಾಜಿನ ಮಸೂರ. ಆಳೆತ್ತರಕ್ಕಿಂತ ದೊಡ್ಡದು, ಒಳಗೆ ಒಬ್ಬರು ನಿಂತುಕೊಳ್ಳಬಹುದು. ಎರಡು ಟನ್ ತೂಕದ ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿಟ್ಟಿದ್ದಾರೆ, ಬೆರಳಿನಿಂದ ನೂಕಿದರೆ ತಿರುಗುತ್ತದೆ. ನಾನು ಶಾಲೆಗೆ ಹೋಗುವಾಗ ಅದು ಆರಿಹೋದ ದೀಪ. ಪ್ರವಾಸಿಗರನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸುತ್ತಿದ್ದರು.

ಆಮೇಲೆ ಉಪಗ್ರಹಗಳು ಸುಳ್ಳು ಹೇಳಲು ಕಲಿತವು. ಯಾವ ದೇಶ ಮೊದಲು ಶುರುಮಾಡಿತೋ ದೇವರಿಗೇ ಗೊತ್ತು, ಒಬ್ಬರ ಹಡಗನ್ನು ಇನ್ನೊಬ್ಬರು ದಾರಿ ತಪ್ಪಿಸಲು ಆಕಾಶದಿಂದ ಬರುವ ಸಂಕೇತಕ್ಕೆ ಕಳ್ಳ ಸಂಕೇತ ಬೆರೆಸಿದರು. ಎರಡೇ ವರ್ಷದಲ್ಲಿ ಫೋನಿನ ನಕ್ಷೆಯನ್ನು ನಂಬಿ ಮದುವೆಗೆ ಹೊರಟವರು ಇನ್ಯಾರದೋ ಮದುವೆಯಲ್ಲಿ ಉಂಡು ಬರುವಂತಾಯಿತು. ರಿಕ್ಷಾದವರು ಮತ್ತೆ ಗಾಡಿ ನಿಲ್ಲಿಸಿ ಅಂಗಡಿಯವರ ಹತ್ತಿರ ದಾರಿ ಕೇಳತೊಡಗಿದರು. ರಸ್ತೆಯಲ್ಲಿ ಹೀಗಾದರೆ ನಗಬಹುದು. ಕಡಲಿನಲ್ಲಿ ನಗುವಂತಿಲ್ಲ, ಅದರಲ್ಲೂ ಹಡಗಿನಲ್ಲಿ ಮನುಷ್ಯರೇ ಇಲ್ಲದಿರುವಾಗ.

ಹಾಗಾಗಿ ಹಳೆಯ ದೀಪಗಳಿಗೆ ಜೀವ ಬಂತು. ಮಸೂರದ ನಡುವೆ ಎಣ್ಣೆ ದೀಪದ ಬದಲು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಹಗಲೂ ರಾತ್ರಿಯೂ ಮಿಡಿಯುತ್ತಿರುತ್ತದೆ. ಮಿಡಿತದಲ್ಲಿ ಎರಡು ಮಾತು: ಒಂದು, ಆ ದಿನದ ಗುಟ್ಟಿನ ಸಂಖ್ಯೆ, ಬೆಳಕು ಅಸಲಿ ಎಂಬುದಕ್ಕೆ ಸಾಕ್ಷಿ. ಎರಡು, ದಾರಿ. ನಮ್ಮ ದೀಪ ಪಶ್ಚಿಮದಿಂದ ಬರುವ ಹಡಗಿಗೆ ಹೇಳುವುದು ಇಷ್ಟೇ: ನನ್ನನ್ನು ಎಡಕ್ಕೆ ಬಿಟ್ಟು ಹೋಗು. ದಕ್ಷಿಣದಲ್ಲಿ ಆಳವಿದೆ. ಉತ್ತರದಲ್ಲಿ ನೀರಿನಡಿ ಹಲ್ಲುಪಾರೆ ಎಂಬ ಬಂಡೆಸಾಲಿದೆ. ಪ್ರತಿ ಮಳೆಗಾಲದಲ್ಲಿ ಮರಳು ಸರಿದು ತಳ ಬದಲಾಗುವುದರಿಂದ ಹಡಗಿನ ಯಂತ್ರ ತನ್ನ ನಕ್ಷೆಗಿಂತ ದೀಪದ ಮಾತಿಗೇ ಹೆಚ್ಚು ಬೆಲೆ ಕೊಡುತ್ತದೆ. ಕಂಪ್ಯೂಟರಿಗೆ ತಂತಿ ಜೋಡಿಸಿದರೆ ಅದನ್ನೂ ಕೆಡಿಸುತ್ತಾರೆಂದು ಎಲ್ಲವೂ ಕೈಕೆಲಸ. ಸಂಖ್ಯೆಗೆ ದಿನಾ ಬೆಳಿಗ್ಗೆ ಮೊಳೆಗಳನ್ನು ಬದಲಿಸಿ ಕೂರಿಸಬೇಕು. ದಾರಿಗೆ ತೂತು ಕೊರೆದ ಒಂದು ತಗಡು, ಅದು ಬದಲಾಗುವುದೇ ಇಲ್ಲ. ಒಬ್ಬರು ಕೂರಿಸಿದ್ದನ್ನು ಇನ್ನೊಬ್ಬರು ಟಿಕ್ ಟಿಕ್ ಎನ್ನುವ ಪೆಟ್ಟಿಗೆಗೆ ಕಿವಿಕೊಟ್ಟು ಎಣಿಸಿ, ಗಂಟೆಗೊಮ್ಮೆ ದಡಕ್ಕೆ ವಯರ್‌ಲೆಸ್ಸಿನಲ್ಲಿ ಹೇಳಬೇಕು.

ಎಣಿಸುವವರು ಸಾಲ್ವದೋರ್ ರೆಬೆಲ್ಲೊ, ನನ್ನ ಮೇಲಿನ ದೀಪಪಾಲಕರು. ಅರವತ್ತು ದಾಟಿದೆ, ಮಂಗಳೂರಿನ ಕಡೆಯವರು. ದೀಪ ಹೇಳಿದ ಮಾತು ಸುಳ್ಳಾಗಬಾರದು ಎಂಬುದು ಬಿಟ್ಟರೆ ಅವರಿಗೆ ಬೇರೆ ವ್ರತವಿಲ್ಲ. ಮೀನುಸಾರಿನ ವಿಷಯವೊಂದು ಬಿಟ್ಟು ನನ್ನ ಜೊತೆ ಎಂದೂ ಜಗಳವಾಡಿದವರಲ್ಲ. ಅವರಿಗೆ ಮೋಸ ಮಾಡಿದೆ ಎಂಬುದೊಂದೇ ಈಗ ನನ್ನನ್ನು ಚುಚ್ಚುವ ವಿಷಯ.

ಹಡಗಿನ ಹೆಸರು ನೀಲಾಂಬರಿ. ಒಂದು ಮೀನು ಕಂಪೆನಿಯದ್ದು, ಆಳಿಲ್ಲದೆ ಓಡುವ ದೊಡ್ಡ ಟ್ರಾಲರು. ತಾನೇ ಬಲೆ ಬಿಡುತ್ತದೆ, ತಾನೇ ಎಳೆಯುತ್ತದೆ, ಹೊಟ್ಟೆಯೊಳಗೇ ಮೀನು ಹೆಪ್ಪುಗಟ್ಟಿಸುತ್ತದೆ. ಆರು ವರ್ಷದ ಹಿಂದೆ ಹಾಡಹಗಲಿನಲ್ಲಿ ನನ್ನ ಗಂಡ ದಯಾನಂದ ಪಾತಿದೋಣಿಯಲ್ಲಿ ಕಡಲಿಗೆ ಹೋದವನು ಬರಲಿಲ್ಲ. ಮೂರನೆಯ ದಿನ ದೋಣಿಯ ಒಂದು ಹಲಗೆ ದಡಕ್ಕೆ ಬಂತು, ಅದರಲ್ಲಿ ನೀಲಾಂಬರಿಯ ನೀಲಿ ಬಣ್ಣ ಹತ್ತಿತ್ತು. ವಿಚಾರಣೆಯಲ್ಲಿ ಕಂಪೆನಿಯ ಇಂಜಿನಿಯರ್ ಸುಧೀಂದ್ರ ಹಡಗಿನ ದಾಖಲೆ ಓದಿದ. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ. ತೇಲುವ ಕಟ್ಟಿಗೆ, ಎರಡು ತುಂಡು. ವೇಗ ತಗ್ಗಿಸುವ ಅಗತ್ಯ ಕಂಡುಬಂದಿಲ್ಲ. ಓದಿ ಕನ್ನಡಕ ತೆಗೆದು ಒರೆಸಿಕೊಂಡ. ನನ್ನ ಗಂಡನನ್ನು ಕಟ್ಟಿಗೆ ಎಂದ ಬಾಯಿಯಿಂದಲೇ ಚಹಾ ಕುಡಿದ.

ಹೆಣ ಸಿಗದ್ದರಿಂದ ಅವನು ಸತ್ತಿದ್ದಾನೆಂದು ಬರೆದುಕೊಡಲು ಯಾರೂ ತಯಾರಿಲ್ಲ. ಏಳು ವರ್ಷ ಕಾಯಬೇಕಂತೆ. ಕಂಪೆನಿಯ ವಕೀಲ, ಆತ ಮನೆಯ ಮೇಲೆ ಬೇಸರವಾಗಿ ಎಲ್ಲಿಗಾದರೂ ಹೋಗಿರಬಹುದು ಎಂದೂ ಅಂದ. ನನ್ನ ಅತ್ತೆ ಮುಕಾಂಬು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಮಗ ಬರುತ್ತಾನೆ. ಕರಿಮಣಿ ತೆಗೆಯಬೇಡ, ಉತ್ತರಕ್ರಿಯೆಯ ಬೊಜ್ಜದ ಹೆಸರೆತ್ತಬೇಡ, ಬದುಕಿದವನಿಗೆ ಯಾರಾದರೂ ಕರ್ಮ ಮಾಡುತ್ತಾರಾ. ದಿನಾ ಸಂಜೆ ಕಡಲಿಂದ ಬರುವವರಿಗೆಂದು ಹಂಡೆಯಲ್ಲಿ ಇಬ್ಬರಿಗಾಗುವಷ್ಟು ನೀರು ಕಾಯಿಸುತ್ತಿದ್ದರು. ಬಂದು ಮೀಯುತ್ತಿದ್ದವನು ಒಬ್ಬನೇ, ನನ್ನ ಮೈದುನ ಗಣಪ. ಅವನು ಮಿಂದ ಮೇಲೆ ಉಳಿದ ನೀರು ಆರುವುದನ್ನು ನೋಡುತ್ತಾ ಅತ್ತೆ ಒಲೆಯ ಮುಂದೆ ಕೂತಿರುತ್ತಿದ್ದರು. ನನಗೆ ಅಳುವ ಹಕ್ಕೂ ಇರಲಿಲ್ಲ. ಅತ್ತರೆ ಅತ್ತೆ, ಅಪಶಕುನ ಎಂದು ಬೈಯುತ್ತಿದ್ದರು. ಅಳಲಾಗದ ದುಃಖ ಕೊಳೆತು ಸಿಟ್ಟಾಯಿತು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡಿದ್ದೆ. ದೀಪಗಳಿಗೆ ಆಳು ಬೇಕೆಂಬ ಜಾಹೀರಾತು ನೋಡಿದ ದಿನವೇ ಅರ್ಜಿ ಹಾಕಿದೆ. ನೀಲಾಂಬರಿ ದಿನ ಬಿಟ್ಟು ದಿನ ಹನ್ನೆರಡಕ್ಕೆ ಸ್ವಲ್ಪ ಮೊದಲು ಕೊಕ್ಕರೆಗಲ್ಲಿನ ಪಕ್ಕದಲ್ಲೇ ಹಾದುಹೋಗುತ್ತದೆಂದು ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂಬುದೂ ಗೊತ್ತು. ಒಡೆದರೆ ಒಡೆಯುವುದು ಕಬ್ಬಿಣ, ಸಾಯುವುದು ಯಾರೂ ಅಲ್ಲ. ನಾನು ಕೊಲೆಗಾತಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡ ಸಮಾಧಾನ ಅದು.

ಹದಿನೈದು ದಿನ ಬಂಡೆಯ ಮೇಲೆ, ಹದಿನೈದು ದಿನ ಮನೆಯಲ್ಲಿ. ಹೀಗೆ ಎರಡು ವರ್ಷ. ಬಂಡೆಯ ಮೇಲಿದ್ದಾಗ ತೆಂಗಿನೆಣ್ಣೆ ಡಬ್ಬಿಯ ತಗಡನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಸಲಿ ದಾರಿ ತಗಡಿನಂಥದ್ದೇ ಇನ್ನೊಂದು ಮಾಡಿದೆ. ತೂತುಗಳು ಮಾತ್ರ ಬೇರೆ. ಅಸಲಿ ತಗಡು ನನ್ನನ್ನು ಎಡಕ್ಕೆ ಬಿಡು ಅನ್ನುತ್ತದೆ, ನನ್ನದು ಬಲಕ್ಕೆ ಬಿಡು ಅನ್ನುತ್ತದೆ. ಅಂದರೆ ಉತ್ತರಕ್ಕೆ ಬಾ, ಹಲ್ಲುಪಾರೆಗೆ ಬಾ. ಮೂರು ಸಲ ತೂತು ಹೆಚ್ಚುಕಡಿಮೆಯಾಗಿ ಎಸೆದೆ. ನಾಲ್ಕನೆಯದು ಸರಿಯಾಯಿತು. ಅದನ್ನು ಹಾಸಿಗೆಯ ಕೆಳಗಿಟ್ಟುಕೊಂಡು ಮಲಗಿದ ದಿನ, ಗಂಡ ಹೋದ ಮೇಲೆ ಮೊದಲ ಬಾರಿಗೆ ನನಗೆ ಚೆನ್ನಾಗಿ ನಿದ್ದೆ ಬಂತು.

ಒಮ್ಮೆ ಸುಧೀಂದ್ರನೇ ದೀಪ ನೋಡಲು ಬಂದಿದ್ದ. ಕಂಪೆನಿಯ ಹಡಗುಗಳು ನಂಬಿದ ಬೆಳಕು ಹೇಗಿದೆ ಎಂದು ಕುತೂಹಲವಂತೆ. ನನ್ನ ಹೆಸರು ಕೇಳಿದ, ಪೂರ್ತಿ ಹೇಳಿದೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಮಾಡಿಕೊಟ್ಟ ಚಹಾ ಚೆನ್ನಾಗಿದೆ ಅಂದ. ಮರೆತವನನ್ನು ದ್ವೇಷಿಸುವುದು ಎಷ್ಟು ಸುಲಭ ಎಂದು ಅವತ್ತು ಗೊತ್ತಾಯಿತು.

ಕಳೆದ ಸೋಮವಾರವನ್ನು ನಾನು ಆರಿಸಿದ್ದು ಗಾಳಿಗಾಗಿ. ಬೆಳಿಗ್ಗೆಯಿಂದ ತೆಂಕಣ ಗಾಳಿ ಏರುತ್ತಿತ್ತು. ಹಡಗು ಒಡೆದರೆ ಗಾಳಿಗೆ ಜಾರಿತು ಅನ್ನುತ್ತಾರೆ. ಹನ್ನೊಂದಕ್ಕೆ ರೆಬೆಲ್ಲೊ ಮಿಡಿತ ಎಣಿಸಿ, ದಡಕ್ಕೆ ಎಲ್ಲ ಸರಿ ಎಂದು ಹೇಳಿ, ಬಂಗುಡೆ ಸಾರು ಮಾಡಲು ಕೆಳಗಿಳಿದರು. ಹನ್ನೆರಡರವರೆಗೆ ಅವರು ಮೇಲೆ ಬರುವುದಿಲ್ಲ. ನಾನು ತಗಡು ಬದಲಿಸಿದೆ. ಆ ಹೊತ್ತಿಗೆ ಬೇರೆ ಯಾವ ಹಡಗೂ ಇಲ್ಲವೆಂದು ಎರಡು ವರ್ಷದ ಪುಸ್ತಕ ತಿರುವಿಹಾಕಿ ಖಚಿತಪಡಿಸಿಕೊಂಡಿದ್ದೆ.

ಹನ್ನೊಂದೂಕಾಲಕ್ಕೆ ಪಶ್ಚಿಮದಲ್ಲಿ ನೀಲಾಂಬರಿ ಕಂಡಿತು. ಹನ್ನೊಂದು ಮೂವತ್ತೈದಕ್ಕೆ ಅದರ ಮೂತಿ ನಿಧಾನವಾಗಿ ಉತ್ತರಕ್ಕೆ ತಿರುಗಿತು. ಎರಡು ವರ್ಷ ಕನಸಿನಲ್ಲಿ ನೋಡಿದ್ದನ್ನು ಕಣ್ಣಾರೆ ನೋಡಿದೆ. ಬಾ, ಬಾ ಎಂದು ನಾನು ಬಾಯಿಬಿಟ್ಟೇ ಅಂದೆ. ದಯಾನಂದನಿಗೂ ಕೇಳಿಸಲಿ ಅನ್ನಿಸಿತು.

ಪೂರ್ತಿ ಒಡೆಯುವುದನ್ನು ನೋಡೋಣವೆಂದು ದೂರದರ್ಶಕಕ್ಕೆ ಕಣ್ಣಿಟ್ಟೆ. ಹಡಗಿನ ಹಿಂದೆ ನೊರೆಯಲ್ಲಿ ಏನೋ ಕಪ್ಪಗೆ ಕುಣಿಯುತ್ತಿತ್ತು. ಒಂದರ ಹಿಂದೆ ಒಂದು, ಮೂರು ಪಾತಿದೋಣಿ. ಒಂದೇ ಹಗ್ಗಕ್ಕೆ ಕಟ್ಟಿದ್ದವು. ಒಳಗೆ ಜನ ಕೂತಿದ್ದರು.

ಇದಕ್ಕೆ ಊರಿನಲ್ಲಿ ಬಾಲ ಹಿಡಿಯುವುದು ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಹತ್ತಿರದ ಮೀನನ್ನೆಲ್ಲ ನೀಲಾಂಬರಿ ಬಳಿದುಕೊಂಡ ಮೇಲೆ ನಮ್ಮವರು ದೂರ ಹೋಗಬೇಕು. ದೋಣಿಯ ಬ್ಯಾಟರಿ ಹೋಗುವುದಕ್ಕೆ ಸಾಕಾಗುತ್ತದೆ, ಬರುವುದಕ್ಕೆ ಸಾಕಾಗುವುದಿಲ್ಲ. ಹಾಗಾಗಿ ಬರುವಾಗ ಹಡಗಿನ ಹಿಂಬದಿಯ ಸರಳಿಗೆ ಕೊಕ್ಕೆ ಎಸೆದು ನೇತುಬೀಳುತ್ತಾರೆ. ಬೈಯಲು ಹಡಗಿನಲ್ಲಿ ಯಾರೂ ಇಲ್ಲವಲ್ಲ. ದೀಪದವರು ನೋಡಿದರೆ ದೂರು ಹೋಗುತ್ತದೆಂದು ಕೊಕ್ಕರೆಗಲ್ಲು ಕಾಣುವ ಮೊದಲೇ ಬಿಡಿಸಿಕೊಂಡು, ಸುತ್ತು ಹಾಕಿ ಹೋಗುತ್ತಿದ್ದರು. ಎರಡು ವರ್ಷದಲ್ಲಿ ನನ್ನ ಕಣ್ಣಿಗೆ ಒಮ್ಮೆಯೂ ಬೀಳದ್ದು ಅದಕ್ಕೇ. ಅವತ್ತು ಬಿಡಿಸಿಕೊಳ್ಳಲಿಲ್ಲ. ಗಾಳಿ ಜೋರಾಗಿತ್ತು, ಬಿಟ್ಟರೆ ದೋಣಿ ಮಗುಚುತ್ತಿತ್ತು. ನನ್ನ ಪಾಪ ಮುಚ್ಚಲಿ ಎಂದು ನಾನು ಆರಿಸಿದ ಗಾಳಿಯೇ ಅವರನ್ನು ಹಡಗಿಗೆ ಅಂಟಿಸಿಟ್ಟಿತ್ತು.

ಅಸಲಿ ತಗಡನ್ನು ಮತ್ತೆ ಹಾಕುವಂತಿಲ್ಲ. ಹಡಗು ಓದಿಕೊಂಡ ಮಾತನ್ನು ಇಪ್ಪತ್ತು ನಿಮಿಷದೊಳಗೆ ಬದಲಿಸಿದರೆ ಅದು ಎರಡನೆಯದನ್ನು ಕಳ್ಳಬೆಳಕೆಂದು ತಳ್ಳಿಹಾಕುತ್ತದೆ, ಮೊದಲನೆಯದನ್ನೇ ನಂಬುತ್ತದೆ. ಹಲ್ಲುಪಾರೆಗೆ ಇನ್ನು ಹನ್ನೆರಡು ನಿಮಿಷವಿತ್ತು. ವಯರ್‌ಲೆಸ್ಸಿನಲ್ಲಿ ಕಂಪೆನಿಯ ನಿಯಂತ್ರಣ ಕೊಠಡಿಯನ್ನು ಕೂಗಿದೆ. ಎತ್ತಿದವನು ಸುಧೀಂದ್ರ. ದಡದಲ್ಲಿ ತಣ್ಣಗಿನ ಕೋಣೆಯಲ್ಲಿ ನಾಲ್ಕು ಪರದೆಗಳ ಮುಂದೆ ಕೂತಿದ್ದವನು. ಹಡಗು ನಿಲ್ಲಿಸಿ, ಹಿಂದೆ ಜನರಿದ್ದಾರೆ ಎಂದೆ. ಅವನು ಪರದೆ ನೋಡಿ ಹೇಳಿದ, ತೇಲುವ ಕಟ್ಟಿಗೆ ಕಾಣಿಸುತ್ತಿದೆ, ಮೂರು ತುಂಡು, ತೊಂದರೆಯಿಲ್ಲ. ಹಡಗು ಬಂಡೆಗೆ ಹೋಗುತ್ತಿದೆ ಎಂದೆ. ನಿಮ್ಮ ದೀಪ ಹೇಳಿದ ದಾರಿಯಲ್ಲೇ ಹೋಗುತ್ತಿದೆಯಲ್ಲ ಎಂದ.

“ದೀಪ ಸುಳ್ಳು ಹೇಳ್ತಿದೆ” ಎಂದೆ.

“ದೀಪ ಸುಳ್ಳು ಹೇಳುವುದಿಲ್ಲಮ್ಮ. ಮನುಷ್ಯರು ಹೇಳ್ತಾರೆ” ಎಂದು ಸುಧೀಂದ್ರ ನಕ್ಕ. ಮೇಲಧಿಕಾರಿಯ ಒಪ್ಪಿಗೆ ಪತ್ರ ಬಂದರೆ ನಿಲ್ಲಿಸಬಹುದು ಎಂದು ಸೇರಿಸಿದ.

ಇನ್ನು ಉಳಿದದ್ದು ಒಂದೇ. ಬೆಳಕು ಒಂದು ನಿಮಿಷ ಪೂರ್ತಿ ಆರಿದರೆ ಹಡಗು ತಾನಾಗಿ ಇಂಜಿನ್ ನಿಲ್ಲಿಸಿ ಲಂಗರು ಹಾಕುತ್ತದೆ, ಅದು ಕಾನೂನು. ಆದರೆ ದೀಪ ಆರಿಸುವ ಸ್ವಿಚ್ಚು ಗೋಪುರದಲ್ಲಿಲ್ಲ. ಯಾವ ಪಾಲಕನಿಗಾದರೂ ತಲೆಕೆಟ್ಟರೆ ಎಂದು ಹೆದರಿ ಬೇಕೆಂದೇ ಇಟ್ಟಿಲ್ಲ. ನನ್ನಂಥವಳು ಬಂದಾಳೆಂದು ಇಲಾಖೆಯವರು ಊಹಿಸಿದ್ದರು, ಅರ್ಧ ಮಾತ್ರ ಊಹಿಸಿದ್ದರು. ಮೆಟ್ಟಿಲ ಬಾಯಲ್ಲಿ ನಿಂತು ರೆಬೆಲ್ಲೊ ಎಂದು ಕಿರುಚಿದೆ. ನೆಲ ಒರೆಸುವ ಗೋಣಿಯನ್ನು ಬಕೆಟ್ಟಿನಲ್ಲಿ ಅದ್ದಿ, ಮಸೂರದ ಚಿಕ್ಕ ಬಾಗಿಲಿನಿಂದ ಒಳಗೆ ನುಸುಳಿ, ಕಾದ ದೀಪದ ಫಲಕಕ್ಕೆ ಒದ್ದೆ ಗೋಣಿ ಒತ್ತಿ ಹಿಡಿದೆ. ಹಬೆ ಎದ್ದಿತು. ಒಂದು ಮೂಲೆಯಲ್ಲಿ ಗೋಣಿ ಮುಚ್ಚದೆ ಉಳಿದದ್ದಕ್ಕೆ ಎಡಗೈ ಇಟ್ಟೆ.

ರೆಬೆಲ್ಲೊ ಏದುಸಿರು ಬಿಡುತ್ತಾ ಬಂದರು. ನನ್ನನ್ನು ನೋಡಿದರು, ಯಂತ್ರದಲ್ಲಿದ್ದ ಎಣ್ಣೆ ಡಬ್ಬಿಯ ತಗಡನ್ನು ನೋಡಿದರು, ಕಿಟಕಿಯಾಚೆ ನೋಡಿದರು. ಟಿಕ್ ಟಿಕ್ ಪೆಟ್ಟಿಗೆ ಕಿವಿಗಿಟ್ಟುಕೊಂಡು ಸದ್ದು ನಿಂತಿದೆ ಎಂದು ಖಚಿತ ಮಾಡಿಕೊಂಡು ಒಂದು, ಎರಡು ಎಂದು ಸೆಕೆಂಡು ಎಣಿಸತೊಡಗಿದರು. ನಲವತ್ತಕ್ಕೆ ನನಗೆ ಕೈ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅರವತ್ತು ದಾಟಿದ ಮೇಲೂ ಹತ್ತು ಎಣಿಸಿದರು. ಆಮೇಲೆ ದೂರದಲ್ಲಿ ಲಂಗರಿನ ಸರಪಳಿ ಗಡಗಡ ಇಳಿಯುವ ಸದ್ದು ಕೇಳಿತು.

ಹಡಗು ಹಲ್ಲುಪಾರೆಗೆ ಮುನ್ನೂರು ಮಾರು ದೂರದಲ್ಲಿ ನಿಂತಿತು. ದೋಣಿಯವರು ಹಗ್ಗ ಬಿಡಿಸಿಕೊಂಡು, ಹುಟ್ಟುಹಾಕುತ್ತಾ ಕೊಕ್ಕರೆಗಲ್ಲಿಗೆ ಬಂದು ಬಿದ್ದರು. ಏಳು ಜನ, ಏಳೂ ಜನರಿಗೆ ಜೀವವಿತ್ತು. ರೆಬೆಲ್ಲೊ ಹಗ್ಗ ಎಸೆದು ಒಬ್ಬೊಬ್ಬರನ್ನೇ ಮೇಲೆಳೆದರು. ನಾನು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಇಳಿದುಹೋದಾಗ ಕೊನೆಯವನು ಮೇಲೆ ಬರುತ್ತಿದ್ದ. ನನ್ನ ಮೈದುನ ಗಣಪ.

ಅವನು ಬದುಕಿದ್ದಾನೆಂದು ಸಂತೋಷಪಡಬೇಕಿತ್ತು. ನನಗೆ ಬಂದದ್ದು ಕೋಪ. ಉಳಿದವರನ್ನು ರೆಬೆಲ್ಲೊ ಅಡುಗೆಮನೆಗೆ ಕರೆದುಕೊಂಡು ಹೋದರು. ನಾನು ಗಣಪನನ್ನು ಬಂಡೆಯ ಮೇಲೇ ನಿಲ್ಲಿಸಿಕೊಂಡು, ಅಣ್ಣನನ್ನು ಕೊಂದ ಹಡಗಿನ ಬಾಲ ಹಿಡಿದು ಬರಲು ನಾಚಿಕೆಯಾಗಲಿಲ್ಲವಾ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ನಾನೇ ಅದನ್ನು ಬಂಡೆಗೆ ಕರೆದೆ, ನಿಮ್ಮಣ್ಣನಿಗೋಸ್ಕರ ಕರೆದೆ, ನೀನು ಹಿಂದೆ ಇದ್ದೆಯೆಂದು ಗೊತ್ತಿಲ್ಲದೆ ನಿನ್ನನ್ನೂ ಕೊಲ್ಲುತ್ತಿದ್ದೆ ಎಂದು ಹೇಳಿದೆ. ಆಗ ಅವನು ತಲೆಯೆತ್ತಿದ.

“ಅತ್ತಿಗೆ, ಅಣ್ಣನ್ನ ಹಡಗ್ ಬಂದ್ ಹೊಡಿಲಿಲ್ಲೆ” ಎಂದ. “ಅವ್ನೂ ಬಾಲ ಹಿಡ್ದೇ ಸತ್ತದ್ದ್. ನಾನೂ ಇದ್ದಿದ್ದೆ. ಒಂದೇ ಕೊಕ್ಕಿಗೆ ಎರಡ್ ದೋಣಿ.”

ಅವತ್ತು ತಾನು ಬೇರೆ ಊರಿನ ದಡದಲ್ಲಿ ಬಲೆ ಎಳೆಯಲು ಹೋಗಿದ್ದೆ ಎಂದು ಆರು ವರ್ಷದಿಂದ ಹೇಳಿಕೊಂಡು ಬಂದವನು. ಹಡಗು ಗಕ್ಕನೆ ತಿರುಗಿತಂತೆ, ಅಣ್ಣನ ದೋಣಿ ಮಗುಚಿತಂತೆ, ಹಗ್ಗ ತುಂಡಾಯಿತಂತೆ, ಅಣ್ಣ ಕಾಣಲಿಲ್ಲವಂತೆ. ಬಾಲ ಹಿಡಿಯುವ ವಿಷಯ ಹೊರಗೆ ಬಂದರೆ ಎಲ್ಲರ ಮೇಲೂ ಕೇಸು ಬೀಳುತ್ತದೆಂದು ಕೇರಿಯ ಹಿರಿಯರು ಬಾಯಿ ಮುಚ್ಚಿಸಿದರಂತೆ. ಕಟ್ಟಿಗೆ ಎರಡು ತುಂಡು ಎಂದು ಸುಧೀಂದ್ರ ಓದಿದ್ದು ನೆನಪಾಯಿತು. ಎರಡನೆಯ ತುಂಡು ನನ್ನ ಮನೆಯಲ್ಲೇ ಉಂಡು, ಬಿಸಿನೀರು ಮಿಂದು, ಅತ್ತಿಗೆ ಎಂದು ಕರೆಯುತ್ತಾ ಓಡಾಡಿಕೊಂಡಿತ್ತು. ಇಡೀ ಕೇರಿಗೆ ಗೊತ್ತಿತ್ತು. ನನಗೂ ನನ್ನ ಅತ್ತೆಗೂ ಗೊತ್ತಿರಲಿಲ್ಲ.

ಇದರಿಂದ ಸುಧೀಂದ್ರನನ್ನು ನಾನು ಕ್ಷಮಿಸಿದೆ ಎಂದುಕೊಳ್ಳಬೇಡಿ. ಮನುಷ್ಯರನ್ನು ಕಟ್ಟಿಗೆ ಎಂದು ಎಣಿಸುವ ಕಣ್ಣನ್ನು ಹಡಗಿಗೆ ಇಟ್ಟವನು ಅವನೇ. ಗುರುವಾರ ಪುಸ್ತಕ ಹೋದ ಮೇಲೆ ನಡೆಯುವ ವಿಚಾರಣೆಯಲ್ಲಿ ಸೋಮವಾರದ ಮೂರು ತುಂಡುಗಳ ಏಳು ಜನ ಎದುರಿಗೇ ನಿಂತಿರುತ್ತಾರೆ, ಅವನು ಹೇಗೆ ಕನ್ನಡಕ ಒರೆಸಿಕೊಳ್ಳುತ್ತಾನೋ ನೋಡುತ್ತೇನೆ. ಆದರೆ ಬಂಡೆಯ ಮೇಲೆ ನಿಂತ ಆ ಹೊತ್ತಿಗೆ ನನ್ನ ಆರು ವರ್ಷದ ವಿಷವೆಲ್ಲ ಗಣಪನ ಕಡೆಗೆ ತಿರುಗಿತು.

ಗಸ್ತಿನ ಬೋಟು ಬರುವುದರೊಳಗೆ ರೆಬೆಲ್ಲೊ ನನ್ನ ಕೈಗೆ ಮುಲಾಮು ಹಚ್ಚಿದರು. ತಗಡನ್ನು ಕಡಲಿಗೆ ಎಸೆಯುತ್ತಾರೇನೋ ಎಂದು ಒಂದು ಕ್ಷಣ ಆಸೆಯಾಯಿತು. ಅವರು ಅದನ್ನು ದಿನಚರಿ ಪುಸ್ತಕದ ಹಾಳೆಗಳ ನಡುವೆ ಇಟ್ಟರು.

“ನಾನು ಬರೀತೇನೆ ಮಗಾ” ಎಂದರು. “ದೀಪ ಒಂದ್ಸಲ ಸುಳ್ಳು ಹೇಳಿದೆ ಅಂತ ಪುಸ್ತಕದಲ್ಲಿ ಇರ್ಬೇಕು. ಇಲ್ಲದಿದ್ರೆ ಇಷ್ಟು ವರ್ಷ ಹೇಳಿದ ನಿಜಕ್ಕೆ ಎಂತ ಬೆಲೆ? ಪುಸ್ತಕ ಗುರುವಾರ ಹೋಗ್ತದೆ. ಅಲ್ಲಿವರೆಗೆ ಮನೇಲಿ ಎಂತ ಮಾಡ್ಲಿಕ್ಕುಂಟೋ ಮಾಡಿ ಬಾ.”

ಮನೆಯಲ್ಲಿ ಏನು ಮಾಡಲಿಕ್ಕಿದೆ ಎಂದು ನನಗೆ ಆಗಲೇ ಗೊತ್ತಿತ್ತು. ಬೋಟಿನಲ್ಲಿ ಗಣಪನ ಪಕ್ಕದಲ್ಲಿ ಕೂತು, ನನಗೆ ಹೇಳಿದ್ದನ್ನು ನಿನ್ನ ಬಾಯಿಯಿಂದಲೇ ಅಮ್ಮನಿಗೆ ಹೇಳಬೇಕು ಎಂದೆ. ಅವನು ಕೈ ಮುಗಿದ. ಅಮ್ಮನಿಗೆ ವಯಸ್ಸಾಯಿತು, ತಡೆದುಕೊಳ್ಳುವುದಿಲ್ಲ ಅಂದ. ಹಾಗಾದರೆ ಪೊಲೀಸರಿಗೆ ಹೇಳು ಎಂದೆ. ಅವನಿಗೆ ಪೊಲೀಸರಿಗಿಂತ ತಾಯಿಯ ಹೆದರಿಕೆ ಹೆಚ್ಚು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅದಕ್ಕೇ ತಾಯಿಯನ್ನು ಆರಿಸಿದೆ. ಹಡಗು ಒಡೆಯಲು ಬೇಕಾದಷ್ಟು ದ್ವೇಷ ನನ್ನಲ್ಲಿ ಹಾಗೇ ಉಳಿದಿತ್ತು, ಅದನ್ನು ಎಲ್ಲಾದರೂ ಇಳಿಸಬೇಕಿತ್ತು.

ಮನೆ ಮುಟ್ಟುವಾಗ ನಾಲ್ಕು ಗಂಟೆ. ಅತ್ತೆ ಹೊರ ಜಗಲಿಯಲ್ಲಿ ಒಣಮೀನು ಆರಿಸುತ್ತಾ ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ನನ್ನ ಕೈಯ ಬಟ್ಟೆ ನೋಡಿ ಎಂತ ಆಯಿತೆಂದು ಕೇಳಿದರು. ಗಣಪನಿಗೆ ಏನೋ ಹೇಳಲಿಕ್ಕಿದೆಯಂತೆ ಎಂದಷ್ಟೇ ಹೇಳಿದೆ. ಅವರು ಒಳಗ್ ಬನಿ ಎಂದು ಎದ್ದು ಒಳಗೆ ಹೋಗಿ ಒಲೆಯ ಬಳಿ ಕೂತರು. ಗಣಪ ಒಳಗೆ ಹೋದ ಮೇಲೆ ನಾನು ಬಾಗಿಲಿಗೆ ಅಡ್ಡ ನಿಂತೆ, ಎದ್ದು ಹೋಗಲು ಅವನಿಗೆ ದಾರಿ ಇರಬಾರದಿತ್ತು.

ಗಣಪ ಹೇಳಿದ. ಬಂಡೆಯ ಮೇಲೆ ಹೇಳಿದ್ದನ್ನೇ ಹೇಳಿದ. ಕೊಕ್ಕೆ ಎಸೆದದ್ದು, ಹಡಗು ತಿರುಗಿದ್ದು, ಅಣ್ಣನ ದೋಣಿ ಮಗುಚಿದ್ದು, ಹಗ್ಗ ತುಂಡಾದದ್ದು. ಹೇಳುತ್ತಾ ಬಿಕ್ಕಿಬಿಕ್ಕಿ ಅತ್ತ. ಅತ್ತೆ ಅಳಲಿಲ್ಲ. ನನಗೆ ಭಯವಾಯಿತು, ಎದೆ ಒಡೆದುಕೊಂಡಾರೆಂದು. ಅವರು ದೋಣಿಯವನ ಮಗಳು, ದೋಣಿಯವನ ಹೆಂಡತಿ. ಯಂತ್ರ, ಮಿಡಿತ, ಮಸೂರ ಎಂದು ಓದಿದ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು.

“ಹಡಗಿಗೆ ಹತ್ರ ಯಾರ ದೋಣಿ ಇದ್ದಿತ್?” ಎಂದು ಕೇಳಿದರು.

“ಅಣ್ಣಂದ್. ನಂದ್ ಅದ್ರ ಹಿಂದೆ.”

“ಹಾಂಗಾರೆ ಅವ್ನ ಹಗ್ಗ ತುಂಡಾಯಿದ್ರೆ ಇಬ್ರೂ ಒಟ್ಟಿಗೆ ನೀರಲ್ಲ್ ಉಳಿತಿದ್ರಿ. ಅವ ಈಸುಕ್ ಬಲ್ಲವ. ನಿನ್ನ ದೋಣಿ ಹಿಡ್ಕಂತಿದ್ದ.” ಅತ್ತೆ ಮುಂದುವರಿಸಿದರು. “ಅವ ಹಡಗಿನ್ ಒಟ್ಟಿಗೆ ಹೋದ, ನೀನ್ ಉಳ್ದೆ. ಹಾಂಗಾರೆ ಹೋದ್ದ್ ನಿಮ್ಮಿಬ್ರ ಮಧ್ಯದ ಹಗ್ಗ. ಅದ್ ತುಂಡಾದ್ದಾ, ನೀ ಕಡ್ದದ್ದಾ?”

ಗಣಪನ ಅಳು ನಿಂತಿತು. ಅವನು ನೆಲ ನೋಡಿದ, ಒಲೆ ನೋಡಿದ.

“ಕಡ್ದೆ ಅಬ್ಬಿ” ಎಂದ. “ನನ್ ದೋಣಿಗೂ ನೀರ್ ಬಂದಿತ್ತ್. ಅಣ್ಣ ಕೂಗ್ತಿದ್ದ. ನಂಗೆ ಹೆದ್ರಿಕಿ ಆಯ್ತ್.”

ಕೂಗುತ್ತಿದ್ದ. ಮಗುಚಿದ ಮೇಲೆ ಅಣ್ಣ ಕಾಣಲಿಲ್ಲ ಎಂದಿದ್ದನಲ್ಲ, ಅದೂ ಸುಳ್ಳು. ನೆಲದ ಮೇಲಿದ್ದ ಮೀನಿನ ಕತ್ತಿ ನನ್ನ ಕಣ್ಣಿಗೆ ಬಿತ್ತು. ಬಿದ್ದದ್ದು ನಿಜ, ಬರೆಯಲು ನನಗೆ ನಾಚಿಕೆಯಿಲ್ಲ. ಅದನ್ನು ಎತ್ತಿಕೊಳ್ಳದೆ ಇದ್ದದ್ದು ಒಳ್ಳೆಯವಳೆಂದಲ್ಲ, ಅತ್ತೆ ಎದ್ದು ನಿಂತದ್ದರಿಂದ. ಅವರು ಹತ್ತಿರ ಬಂದು ನನ್ನ ಕುತ್ತಿಗೆಯ ಕರಿಮಣಿಯನ್ನು ತಮ್ಮ ಕೈಯಿಂದಲೇ ಬಿಚ್ಚಿ, ನನ್ನ ಸುಟ್ಟಿರದ ಕೈಯಲ್ಲಿಟ್ಟರು. ಆರು ವರ್ಷದಲ್ಲಿ ಮೊದಲ ಬಾರಿಗೆ ಅವರ ಎದುರು ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ.

ಗಣಪನಿಗೆ ಏನಾದರೂ ಹೇಳಬೇಕೆನ್ನಿಸಿರಬೇಕು. ನಾಳೆಯೇ ಭಟ್ಟರನ್ನು ಕರೆತರುತ್ತೇನೆ, ಅಣ್ಣನ ಬೊಜ್ಜವನ್ನು ನಾನೇ ನಿಂತು ಮಾಡುತ್ತೇನೆ ಎಂದ. ಮಕ್ಕಳಿಲ್ಲದ ಅಣ್ಣನ ಕರ್ಮ ತಮ್ಮನದೇ ಹಕ್ಕು. ಅದನ್ನಾದರೂ ಮಾಡಿದರೆ ಅಮ್ಮ ಒಂದಿಷ್ಟು ಕರಗಬಹುದೆಂದು ಅವನ ಲೆಕ್ಕಾಚಾರವಿದ್ದೀತು.

“ನಿನ್ ಕೈಯಂಗೆ ಬ್ಯಾಡ” ಎಂದರು ಅತ್ತೆ. ಸ್ವರ ಏರಲಿಲ್ಲ. “ಅವಂದ್ ಇವ್ಳೇ ಮಾಡ್ಲಿ. ನಾನ್ ಸತ್ರೆ ನಂದೂ ಇವ್ಳೇ ಮಾಡ್ಲಿ. ನೀನ್ ಸುಡ್ಗಾಡಿಗೂ ಬಪ್ಪುಕಿಲ್ಲೆ.”

ತಾಯಿಯ ಚಿತೆಗೆ ಕೊಳ್ಳಿಯಿಡುವವನು ತಾನಲ್ಲ ಎಂಬುದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ನನ್ನ ಮುಖ ನೋಡಿದ. ಅವನಿಗಾಗಿ ನಾನೊಂದು ಮಾತು ಆಡಬಹುದಿತ್ತು. ಹೆದರಿದವನು ಮಾಡಿದ ತಪ್ಪು ಅನ್ನಬಹುದಿತ್ತು, ಅವತ್ತೇ ಬೆಳಿಗ್ಗೆ ಏಳು ಜನರನ್ನು ಬಂಡೆಗೆ ಕಳಿಸಹೊರಟವಳು ನಾನೇ ಅನ್ನಬಹುದಿತ್ತು. ಅನ್ನಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು, ಅವನು ಹೊರಗೆ ಹೋಗಲು ದಾರಿ ಬಿಟ್ಟೆ.